500ಇ ಕಾರಿನಲ್ಲಿರುವುದು ಪೋರ್ಷೆ ಎಂಜಿನ್ನಾ?

ಪ್ರಶ್ನೆ: ಮರ್ಸಿಡಿಸ್ 500ಇ ಕಾರಿಗೆ ಪೋರ್ಷೆ ಎಂಜಿನ್ ಹಾಕಿದ್ದರಂತೆ. ನಿಜವೇ ಸಾರ್?

ಅಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವೇ ಇಲ್ಲ. ಹಳೆ ಜರ್ಮನ್ ಕಾರುಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಹೇಳೇ ಹೇಳುತ್ತಾರೆ. ಪಕ್ಕದವರು ಹೌದೆಂದು ತಲೆಯಾಡಿಸುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಎಂಜಿನ್ ಮರ್ಸಿಡಿಸ್‌ನದೇ. ಹೆಸರು ಎಂ119. ವಿ8, ಅಂದರೆ ವಿ ಆಕಾರದಲ್ಲಿ ಜೋಡಿಸಿದ ಎಂಟು ಸಿಲಿಂಡರ್. 4973 ಸಿಸಿ, 32 ವಾಲ್ವ್. ಮೊದಲ ವರ್ಷಗಳಲ್ಲಿ 326 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, ಆಮೇಲೆ 320. 500ಎಸ್‌ಎಲ್ ಎಂಬ ಮರ್ಸಿಡಿಸ್ ಕಾರಿನಲ್ಲಿ ಇದು ಮೊದಲೇ ಓಡುತ್ತಿತ್ತು. ಇದರದೇ ಟರ್ಬೊ ರೂಪ ಹೊತ್ತ ಸೌಬರ್-ಮರ್ಸಿಡಿಸ್ ಸಿ9 ಕಾರು 1989ರಲ್ಲಿ ಲೆ ಮಾನ್ 24 ಗಂಟೆಗಳ ರೇಸ್ ಗೆದ್ದಿತು. ಅಂಥ ಎಂಜಿನ್ ಮನೆಯಲ್ಲೇ ಇರುವಾಗ ಪಕ್ಕದ ಮನೆಗೆ ಹೋಗಿ ಯಾರು ಕೇಳುತ್ತಾರೆ?

ಆಗ ಒಂದು ವಾದ ಬರುತ್ತದೆ. ‘ಪೋರ್ಷೆ 928 ಎಸ್4 ಕಾರಿನಲ್ಲೂ 5 ಲೀಟರಿನ ವಿ8 ಇತ್ತಲ್ಲ, ಅದೇ ಇರಬೇಕು.’ ಇತ್ತು. ಅದಕ್ಕೂ 32 ವಾಲ್ವ್, ಅದರ ಶಕ್ತಿಯೂ 320 ಪಿಎಸ್. ಗೊಂದಲ ಆಗುವುದು ಸಹಜ. ಆದರೆ ಒಳಗೆ ನೋಡಿ. 928ರ ಸಿಲಿಂಡರ್ ಅಗಲ 100 ಮಿ.ಮೀ., ಎಂ119ರದು 96.5. ಪಿಸ್ಟನ್ ಓಡುವ ದೂರ ಅದರಲ್ಲಿ 78.9 ಮಿ.ಮೀ., ಇದರಲ್ಲಿ 85. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನು ಅದರಲ್ಲಿ ತಿರುಗಿಸುವುದು ಟೈಮಿಂಗ್ ಬೆಲ್ಟ್, ಇದರಲ್ಲಿ ಟೈಮಿಂಗ್ ಚೈನ್. ಎರಡಕ್ಕೂ ನೆಂಟಸ್ತನವೇ ಇಲ್ಲ. ನಿಜ ಹೇಳಬೇಕೆಂದರೆ ಕೊಡುಕೊಳ್ಳುವಿಕೆ ನಡೆದದ್ದು ಉಲ್ಟಾ. 928ರ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಮೂಲ ಮರ್ಸಿಡಿಸ್!

ಹಾಗಾದರೆ ಪೋರ್ಷೆ ಮಾಡಿದ್ದೇನು? ಕೆಲಸ, ಅದೂ ಬಹಳ ದೊಡ್ಡ ಕೆಲಸ. ಡಬ್ಲ್ಯು124 ಎಂಬ ಮಾಮೂಲಿ ಮರ್ಸಿಡಿಸ್ ಕಾರಿನೊಳಗೆ ಈ ದಪ್ಪ ಎಂಜಿನ್ ಕೂರಿಸಬೇಕಿತ್ತು. ಸಸ್ಪೆನ್ಷನ್, ಬ್ರೇಕು, ಬಾಡಿ ಎಲ್ಲವನ್ನೂ ಅದಕ್ಕೆ ಒಗ್ಗಿಸಬೇಕಿತ್ತು. ಮರ್ಸಿಡಿಸ್ ಎಂಜಿನಿಯರುಗಳು ತಮ್ಮ ದೊಡ್ಡ ಕಾರಾದ ಹೊಸ ಎಸ್-ಕ್ಲಾಸಿನ ಕೆಲಸದಲ್ಲಿ ಮುಳುಗಿದ್ದರು. ಪೋರ್ಷೆಗೆ ಮಾರಾಟ ಬಿದ್ದುಹೋಗಿ ಕೆಲಸ ಬೇಕಾಗಿತ್ತು. 1988ರಲ್ಲಿ ಗುತ್ತಿಗೆ ಆಯಿತು. ಬಟ್ಟೆ ನಾವು ಕೊಟ್ಟು ದರ್ಜಿ ಹೊಲಿದರೆ ಬಟ್ಟೆ ದರ್ಜಿಯದಾಗುತ್ತದಾ? ಹಾಗೇ ಇದು.

ಚಕ್ರದ ಮೇಲಿನ ಫೆಂಡರ್‌ಗಳು ಉಬ್ಬಿದ್ದರಿಂದ ಮರ್ಸಿಡಿಸ್‌ನ ಜಿಂಡೆಲ್‌ಫಿಂಗನ್ ಕಾರ್ಖಾನೆಯ ಜೋಡಣೆ ಲೈನಿನಲ್ಲಿ ಈ ಕಾರು ಹಿಡಿಯಲಿಲ್ಲ. ಆದ್ದರಿಂದ ಬಾಡಿಯ ಭಾಗಗಳು ಅಲ್ಲಿಂದ ಪೋರ್ಷೆಯ ತ್ಸುಫೆನ್‌ಹೌಸನ್ ಕಾರ್ಖಾನೆಗೆ ಬಂದವು. ಜೋಡಿಸಿದ ಬಾಡಿ ಬಣ್ಣಕ್ಕೆ ವಾಪಸ್ ಹೋಯಿತು. ಎಂಜಿನ್ ಕೂರಿಸಲು ಮತ್ತೆ ಪೋರ್ಷೆಗೆ, ಕೊನೆಯ ತಪಾಸಣೆಗೆ ಮತ್ತೆ ಮರ್ಸಿಡಿಸ್‌ಗೆ. ಒಂದು ಕಾರಿಗೆ 18 ದಿನ! 1990ರ ಪ್ಯಾರಿಸ್ ಮೋಟಾರ್ ಶೋನಲ್ಲಿ ಕಾರು ಹೊರಬಂತು. 1995ರವರೆಗೆ ತಯಾರಾದದ್ದು 10,479.

ಈ ತಪ್ಪು ತಿಳಿವಳಿಕೆಗೆ ನನಗನಿಸುವ ಇನ್ನೊಂದು ಕಾರಣವೂ ಇದೆ. ಅದೇ ತ್ಸುಫೆನ್‌ಹೌಸನ್‌ನಲ್ಲಿ ಆಮೇಲೆ ಆಡಿ ಆರ್‌ಎಸ್2 ತಯಾರಾಯಿತು. ಅದರ ಐದು ಸಿಲಿಂಡರ್ ಎಂಜಿನ್ ಆಡಿಯದೇ ಆದರೂ ಪೋರ್ಷೆಯವರು ಅದಕ್ಕೆ ಕೈ ಹಾಕಿ 315 ಪಿಎಸ್‌ಗೆ ಏರಿಸಿದ್ದರು. ಎಂಜಿನ್ ಮೇಲೆ ಪೋರ್ಷೆ ಹೆಸರೂ ಇದೆ. ಆ ಕಾರಿನ ಕಥೆಯನ್ನು ಜನ ಈ ಕಾರಿಗೆ ಅಂಟಿಸಿಬಿಟ್ಟರು.

ಯಾರೂ ಕೇಳದ, ಆದರೆ ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾದ ಪ್ರಶ್ನೆ ಒಂದಿದೆ. ಇಷ್ಟು ದೊಡ್ಡ ಸೆಡಾನಿನಲ್ಲಿ ನಾಲ್ಕೇ ಸೀಟು ಯಾಕೆ? ಸುಮ್ನೆ ಶೋಕಿಗಲ್ಲ. ಇಷ್ಟು ಎಳೆತ ತಡೆಯಲು ಹಿಂದೆ ದೊಡ್ಡ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎರಡು ಹಿಂಚಕ್ರಗಳಿಗೆ ಹಂಚುವ ಗೇರುಗಳ ಪೆಟ್ಟಿಗೆ) ಬೇಕಾಯಿತು. ಅದು ಹಿಂದಿನ ಸೀಟಿನ ನಡುಭಾಗವನ್ನು ನುಂಗಿತು. ಅದಕ್ಕೇ ಹಿಂದೆ ಎರಡೇ ಬಿಡಿ ಸೀಟು. ಮುಂದೆಯೂ ಇದೇ ಕಥೆ. ಎಂಜಿನ್ ಕೂತ ಮೇಲೆ ಬ್ಯಾಟರಿಗೆ ಜಾಗ ಉಳಿಯಲಿಲ್ಲ. ಎಲ್ಲಾದರೂ 500ಇ ಸ್ಟಾರ್ಟ್ ಆಗದೆ ನಿಂತಿದ್ದರೆ ಬಾನೆಟ್ ಎತ್ತಿ ಬ್ಯಾಟರಿ ಹುಡುಕಬೇಡಿ, ಡಿಕ್ಕಿ ತೆಗೆಯಿರಿ.