ಹಿಂದಿನ ಸ್ಪೀಕರ್‌ಗೆ ಬೇರೆ ಆಂಪ್ಲಿಫೈಯರ್ ಯಾಕೆ ಬೇಕಿಲ್ಲ?

ಕಾರಿನ ಹಿಂದಿನ ಸೀಟಿಗೂ ಎರಡು ಸ್ಪೀಕರ್ ಹಾಕಿಸಬೇಕು ಅಂದ ಕೂಡಲೇ "ಹಂಗಾದ್ರ ಆಂಪ್ಲಿಫೈಯರ್ ಬೇಕಾಗ್ತದ್ರಿ" ಎನ್ನುವ ಮಾತು ಬಳ್ಳಾರಿ, ರಾಯಚೂರು ಕಡೆ ಎಷ್ಟು ಸಲ ಕಿವಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ಹೇಳುವವರು ಮೋಸ ಮಾಡಲೆಂದೇ ಹೇಳುತ್ತಾರೆ ಅಂತ ನಾನು ಅನ್ನುವುದಿಲ್ಲ. ಅವರೂ ಅದನ್ನೇ ನಂಬಿದ್ದಾರೆ. ಆದರೆ ಆ ನಂಬಿಕೆಗೆ ಸಾವಿರಗಟ್ಟಲೆ ದುಡ್ಡು ತೆರುವವರು ನಾವು.

ಹಾಡಿನ ಸಣ್ಣ ಸಿಗ್ನಲ್ಲಿಗೆ ಸ್ಪೀಕರ್ ಆಡಿಸುವಷ್ಟು ಬಲ ಕೊಡುವ ಆಂಪ್ಲಿಫೈಯರ್ ಸ್ಟಿರಿಯೋ ಒಳಗೇ ಇದೆ. ಒಂದಲ್ಲ, ನಾಲ್ಕು. ಸೆಟ್ಟಿನ ಪಕ್ಕದಲ್ಲೋ ಬೆನ್ನಿಗೋ ಹಲ್ಲುಹಲ್ಲಾದ ಅಲ್ಯೂಮಿನಿಯಂ ತುಂಡು ಇರುತ್ತದಲ್ಲ, ಅದಕ್ಕೆ ಬಿಗಿದಿರುವ ಎರಡು ಬೆರಳಗಲದ ಕಪ್ಪು ಐಸಿಯೇ (ಚಿಪ್) ಆ ನಾಲ್ಕೂ ಆಂಪ್ಲಿಫೈಯರ್. ಅದರಿಂದ ಹೊರಡುವ ವೈರ್‌ಗಳಲ್ಲಿ ಸಾಮಾನ್ಯವಾಗಿ ಬಿಳಿ, ಬೂದು ಮುಂದಿನ ಸ್ಪೀಕರ್‌ಗೆ. ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಪ್ರತಿ ಬಣ್ಣಕ್ಕೂ ಕಪ್ಪು ಗೆರೆ ಇರುವ ಜೋಡಿ ವೈರ್ ಇದೆ, ಅದು ಮೈನಸ್. ಎಷ್ಟೋ ಕಾರುಗಳಲ್ಲಿ ಈ ಹಸಿರು, ನೇರಳೆ ವೈರ್‌ಗಳು ಟೇಪ್ ಸುತ್ತಿಸಿಕೊಂಡು ಡ್ಯಾಶ್‌ಬೋರ್ಡ್ ಹಿಂದೆ ಸುಮ್ನೆ ಬಿದ್ದಿರುತ್ತವೆ. ಅವನ್ನು ಬಿಟ್ಟು ಸೆಟ್ಟಿನ ದುಂಡನೆಯ ಆರ್‌ಸಿಎ ಸಾಕೆಟ್‌ಗೆ ಸ್ಪೀಕರ್ ಸಿಗಿಸಲು ಹೋಗಬೇಡಿ. ಅಲ್ಲಿ ಬರುವುದು ಬರೀ ಸಿಗ್ನಲ್, ಸ್ಪೀಕರಿನ ಕೋನ್ (ಅದುರುವ ಪೊರೆ) ಅಲ್ಲಾಡಿಸುವಷ್ಟು ಕರೆಂಟ್ ಇಲ್ಲ.

ಇನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಇರುವ "50 ವಾಟ್ x 4". ಇದರ ಹಿಂದಿನ ಲೆಕ್ಕ ನನಗೆ ತುಂಬಾ ಇಷ್ಟ. ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸ್ಪೀಕರಿನ ತಡೆ 4 ಓಮ್. 14.4ನ್ನು 14.4ರಿಂದಲೇ ಗುಣಿಸಿ 4ರಿಂದ ಭಾಗಿಸಿ: ಸುಮಾರು 52 ವಾಟ್. ಪೆಟ್ಟಿಗೆಯ 50 ಬಂದಿದ್ದು ಇಲ್ಲಿಂದ. ಆದರೆ ಅಷ್ಟು ಬರಬೇಕಾದರೆ ಐಸಿ ಪೂರ್ತಿ ಒಂದು ಕಡೆಗೋ ಪೂರ್ತಿ ಇನ್ನೊಂದು ಕಡೆಗೋ ತಳ್ಳುತ್ತಲೇ ಇರಬೇಕು. ಅದು ಹಾಡಲ್ಲ, ಬರೀ ಕರ್ಕಶ ಗರಗರ. ಶುದ್ಧ ಸ್ವರಕ್ಕೆ ಲೆಕ್ಕ ಹಾಕಿದರೆ ಸರಿಯಾಗಿ ಅರ್ಧ, ಅಂದರೆ 26 ವಾಟ್. ಐಸಿ ತನ್ನೊಳಗೇ ಒಂದೆರಡು ವೋಲ್ಟ್ ತಿಂದುಕೊಂಡ ಮೇಲೆ ಉಳಿಯುವುದು 20ರ ಆಸುಪಾಸು. ಅನುಮಾನ ಇದ್ದರೆ ಸೆಟ್ಟಿನ ಹಿಂದಿನ ಫ್ಯೂಸ್ ನೋಡಿ. ಹಲವು ಸೆಟ್‌ಗಳಲ್ಲಿ ಅದು 10 ಆಂಪಿಯರ್. 14.4 ವೋಲ್ಟ್‌ಗೆ 144 ವಾಟ್ ಆಯಿತು. ಒಳಗೆ ಬರುವುದೇ ಅಷ್ಟಾದರೆ 200 ವಾಟ್ ಹೊರಗೆ ಬರುವುದು ಎಲ್ಲಿಂದ?

ಅಡ್ಡಿ ಇರುವುದು ವೋಲ್ಟೇಜಿನಲ್ಲಿ. ಇದು ಹಳೇ ಕಥೆ. 1930ರಲ್ಲಿ ಅಮೆರಿಕದ ಪಾಲ್ ಗಾಲ್ವಿನ್ ಮೊಟೊರೊಲಾ ಹೆಸರಿನಲ್ಲಿ ಕಾರ್ ರೇಡಿಯೋ ಮಾರಲು ಶುರುಮಾಡಿದಾಗ ಅಲ್ಲಿನ ಕಾರುಗಳ ಬ್ಯಾಟರಿ ಬರೀ 6 ವೋಲ್ಟಿನದು. ರೇಡಿಯೋದ ವಾಲ್ವ್‌ಗಳಿಗೋ (ಟ್ರಾನ್ಸಿಸ್ಟರ್ ಬರುವ ಮೊದಲಿದ್ದ ಗಾಜಿನ ಬುರುಡೆಗಳು) ನೂರಕ್ಕೂ ಜಾಸ್ತಿ ವೋಲ್ಟ್ ಬೇಕು. ಮೊದಮೊದಲು ಸೀಟಿನ ಕೆಳಗೆ, ನೆಲದ ಹಲಗೆಯ ಅಡಿಗೆ ಬೇರೆ ಬ್ಯಾಟರಿಗಳನ್ನೇ ಇಟ್ಟರು. ಆಮೇಲೆ ವೈಬ್ರೇಟರ್ ಬಂತು. ಪಟಪಟನೆ ಅದುರುತ್ತಾ ಡಿಸಿ ಕರೆಂಟನ್ನು ತುಂಡು ತುಂಡು ಮಾಡಿ ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟು ವೋಲ್ಟೇಜ್ ಏರಿಸುವ ಸಾಧನ. ಇವತ್ತು ಡಿಕ್ಕಿಯಲ್ಲಿ ಕೂರಿಸುವ ದೊಡ್ಡ ಆಂಪ್ಲಿಫೈಯರ್ ಒಳಗೆ ನಡೆಯುವುದೂ ಇದೇ ಕೆಲಸ, ಅದುರುವ ತಗಡಿನ ಬದಲು ಟ್ರಾನ್ಸಿಸ್ಟರ್ ಅಷ್ಟೇ.

ನಿಮ್ಮ ಸೆಟ್ಟಿನ ಐಸಿ ವೋಲ್ಟೇಜ್ ಏರಿಸುವುದಿಲ್ಲ. ಅದು ಬೇರೆ ಉಪಾಯ ಹೂಡುತ್ತದೆ. ಮಜ್ಜಿಗೆ ಕಡೆಯುವುದನ್ನು ನೋಡಿದ್ದೀರಲ್ಲ? ಕಡಗೋಲಿಗೆ ಸುತ್ತಿದ ಹಗ್ಗದ ಒಂದು ತುದಿ ಎಳೆದಾಗ ಇನ್ನೊಂದು ಸಡಿಲ, ಅದನ್ನು ಎಳೆದಾಗ ಇದು ಸಡಿಲ. ಒಂದೊಂದು ಸ್ಪೀಕರಿನ ಎರಡೂ ವೈರ್‌ಗಳನ್ನು ಐಸಿ ಹೀಗೇ ಆಡಿಸುತ್ತದೆ. ಪ್ಲಸ್ ಮೇಲೇರಿದಾಗ ಮೈನಸ್ ಕೆಳಗಿಳಿಯುತ್ತದೆ. ಒಂದೇ ತುದಿ ಎಳೆದರೆ 6.5 ವಾಟ್ ಸಿಗುತ್ತಿತ್ತು. ಎರಡೂ ಎಳೆದಿದ್ದಕ್ಕೆ ಅದರ ನಾಲ್ಕರಷ್ಟು, ಅಂದರೆ 26! ಇದಕ್ಕೆ ಬ್ರಿಡ್ಜ್ ಎನ್ನುತ್ತಾರೆ.

ಮಾಮೂಲಿ ತಪ್ಪಿನ ಬೇರೂ ಇಲ್ಲೇ ಇದೆ. ವೈರ್ ಉಳಿಸಲು ಹಿಂದಿನ ಸ್ಪೀಕರಿನ ಮೈನಸ್ಸನ್ನು ಕಾರಿನ ಲೋಹದ ಮೈಗೆ (ಬಾಡಿ) ಅರ್ಥ್ ಕೊಟ್ಟುಬಿಡುತ್ತಾರೆ. ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿದ ಹಾಗೆ ಆಯಿತು. ನೀವೇ ಮಲ್ಟಿಮೀಟರ್ ಹಿಡಿದು ನೋಡಿ. ಸೆಟ್ ಆನ್ ಮಾಡಿ, ವಾಲ್ಯೂಮ್ ಸೊನ್ನೆಗೆ ಇಳಿಸಿ. ಸ್ಪೀಕರಿನ ಎರಡು ವೈರ್ ನಡುವೆ ಹೆಚ್ಚುಕಡಿಮೆ ಸೊನ್ನೆ ತೋರಿಸುತ್ತದೆ. ಅದೇ ಮೈನಸ್ ವೈರಿಗೂ ಬಾಡಿಗೂ ನಡುವೆ ಆರೇಳು ವೋಲ್ಟ್. ಆ ವೈರನ್ನು ಕಾರಿನ ಮೈಗೆ ಮುಟ್ಟಿಸಿದರೆ ಶಾರ್ಟ್. ಒಳ್ಳೆ ಐಸಿಯಾದರೆ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಅಗ್ಗದ್ದಾದರೆ ಸುಟ್ಟೇ ಹೋಗಬಹುದು.

ಮುಂದಿನ ಸ್ಪೀಕರ್ ವೈರಿಗೇ ಹಿಂದಿನದನ್ನೂ ಜೋಡಿಸುವುದು ಇನ್ನೊಂದು ರೂಢಿ. 4 ಓಮಿನ ಎರಡು ಸ್ಪೀಕರ್ ಹೀಗೆ ಸೇರಿದರೆ 2 ಓಮ್. ಕರೆಂಟ್ ಎರಡರಷ್ಟು, ಕಾವೂ ಹೆಚ್ಚುಕಡಿಮೆ ಅಷ್ಟೇ. ತಂಪು ಊರಲ್ಲಿ ಹೇಗೋ ನಡೆದೀತು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲಾಗುವುದಿಲ್ಲ. ಅದರೊಳಗಿನ ಐಸಿ ತನ್ನ ಕಾವನ್ನು ಬಿಡುವುದಾದರೂ ಎಲ್ಲಿಗೆ? ಒಳಗೆ ಸುಮಾರು 150 ಡಿಗ್ರಿ ಆದಾಗ ಅದು ದನಿ ಅಡಗಿಸಿಕೊಳ್ಳುತ್ತದೆ. ಆರಿದ ಮೇಲೆ ಮತ್ತೆ ಹಾಡುತ್ತದೆ. ಸೆಟ್ ಕೆಟ್ಟಿತು ಅಂತ ಬದಲಾಯಿಸಬೇಡಿ, ಜೋಡಣೆ ನೋಡಿ.

ತೋರಣಗಲ್ಲಿನ ಕಡೆಯಿಂದ ಬಳ್ಳಾರಿಗೆ ಬರುವಾಗ ಅದಿರು ಲಾರಿಗಳ ಸದ್ದಿನಲ್ಲಿ 20 ವಾಟ್ ಎಲ್ಲಿ ಸಾಲುತ್ತದೆ ಅಂತ ಕೇಳಬಹುದು. ಸ್ಪೀಕರಿನ ಸೆನ್ಸಿಟಿವಿಟಿ ಓದಿ. ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬ ಅಂಕಿ ಅದು. 87 ಡೆಸಿಬೆಲ್ಲಿನ ಸ್ಪೀಕರ್ 40 ವಾಟ್‌ಗೆ ಕೊಡುವ ಸದ್ದನ್ನು 90ರದ್ದು 20 ವಾಟ್‌ಗೇ ಕೊಡುತ್ತದೆ. ಮೂರು ಡೆಸಿಬೆಲ್ ಅಂದರೆ ಎರಡು ಪಟ್ಟು ವಾಟ್. ಆಂಪ್ಲಿಫೈಯರ್‌ಗೆ ಹಾಕುವ ದುಡ್ಡನ್ನು ಒಳ್ಳೆ ಸ್ಪೀಕರ್‌ಗೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ.

ವೈರ್ 1 ಚದರ ಮಿಲಿಮೀಟರಿನ ತಾಮ್ರದ್ದು ಧಾರಾಳ ಸಾಕು. ಹಿಂದಿನ ಸ್ಪೀಕರ್‌ವರೆಗೆ ಹೋಗಿಬರುವ 10 ಮೀಟರಿಗೆ ಅದರ ತಡೆ 0.17 ಓಮ್, ಕಿವಿಗೆ ಗೊತ್ತೇ ಆಗದು. ಪ್ಲಸ್ ಯಾವುದು ಅಂತ ಗೊಂದಲವಾದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಂದು ಸ್ಪೀಕರಿಗೆ ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಎರಡರಲ್ಲಿ ಒಂದು ಉಲ್ಟಾ ಆದರೂ ಒಂದು ಗಾಳಿಯನ್ನು ತಳ್ಳಿದಾಗ ಇನ್ನೊಂದು ಎಳೆಯುತ್ತದೆ, ಬಾಸ್ (ತಗ್ಗಿನ ದಪ್ಪ ದನಿ) ಮಾಯ.

ಸಬ್‌ವೂಫರ್, ಅಂದರೆ ಬಾಸಿಗೆಂದೇ ಇರುವ ದೊಡ್ಡ ಸ್ಪೀಕರ್ ಬೇಕೆನ್ನುವವರಿಗೆ ಮಾತ್ರ ಬೇರೆ ಆಂಪ್ಲಿಫೈಯರ್ ಬೇಕೇ ಬೇಕು. ಸೆಟ್ಟಿನಲ್ಲಿರುವ ನೀಲಿ-ಬಿಳಿ ವೈರ್ ಅದನ್ನು ಆನ್ ಮಾಡಲೆಂದೇ ಇದೆ. ಆದರೆ ಅದಕ್ಕೆ ಕರೆಂಟನ್ನು ಸೆಟ್ಟಿನ ವೈರಿನಿಂದ ಕದಿಯಬಾರದು. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿ.