ಕಮ್ಯೂಟರ್ ಬೆಲ್ಟ್: ಗಂಟೆಯಲ್ಲಿ ಅಳೆಯುವ ನೆಲ

ಮನೆ, ನಿವೇಶನಗಳ ಮಾತು ಬಂದಾಗ ಈಗ 'ಕಮ್ಯೂಟರ್ ಬೆಲ್ಟ್' ಎಂಬ ಪದ ಆಗಾಗ ಕಿವಿಗೆ ಬೀಳುತ್ತದೆ. ದೊಡ್ಡ ನಗರವೊಂದರ ಸುತ್ತ, ಬೆಳಗ್ಗೆ ಕೆಲಸಕ್ಕೆಂದು ಆ ನಗರಕ್ಕೆ ಹೋಗಿ ಸಂಜೆ ಮನೆಗೆ ಮರಳುವ ಜನ ವಾಸಿಸುವ ಊರು, ಬಡಾವಣೆಗಳ ಸುತ್ತುಪಟ್ಟಿ ಅದು. ಕನ್ನಡದಲ್ಲಿ ಇದಕ್ಕೆ ಇನ್ನೂ ಹೆಸರು ನೆಲೆನಿಂತಿಲ್ಲ. 'ಉಪನಗರ' ಎಂದರೆ ಅರ್ಥ ಪೂರ್ತಿಯಾಗುವುದಿಲ್ಲ. ಉಪನಗರ ನಗರಕ್ಕೆ ಅಂಟಿಕೊಂಡಿರುತ್ತದೆ. ಈ ಪಟ್ಟಿಯಲ್ಲಾದರೋ ನಡುವೆ ಹೊಲಗದ್ದೆ ಬಿಟ್ಟು ದೂರದಲ್ಲಿರುವ ಪಟ್ಟಣವೂ ಹಳ್ಳಿಯೂ ಸೇರಬಹುದು. ಅಲ್ಲಿನವರು ಎಲ್ಲಿ ದುಡಿಯುತ್ತಾರೆ ಎಂಬುದೇ ಅದರ ಲಕ್ಷಣ. ಸದ್ಯಕ್ಕೆ ನಾನು 'ಹೋಗಿಬರುವ ಪಟ್ಟಿ' ಎಂದು ಕರೆಯುತ್ತೇನೆ.

ಪದ ಹುಟ್ಟಿದ್ದು ರೈಲಿನ ಟಿಕೆಟ್ಟಿನಲ್ಲಿ. 'ಕಮ್ಯೂಟ್' ಎಂಬುದರ ಲ್ಯಾಟಿನ್ ಬೇರಿಗೆ 'ಬದಲಿಸು' ಎಂದರ್ಥ. ಮರಣದಂಡನೆಯನ್ನು ಜೀವಾವಧಿಗೆ ಇಳಿಸುವಾಗ ಕಾನೂನು ಬಳಸುವುದೂ ಇದೇ ಕ್ರಿಯಾಪದವನ್ನು. ನಿವೃತ್ತ ನೌಕರರ ಬಾಯಲ್ಲಿ ಕೇಳಿಬರುವ 'ಕಮ್ಯುಟೇಶನ್' ಕೂಡ ಇದರದೇ ಕುಡಿ: ತಿಂಗಳ ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು, ಬದಲಿಗೆ ಒಂದೇ ಗಂಟು ಪಡೆಯುವುದು. 19ನೇ ಶತಮಾನದ ನಡುಭಾಗದಲ್ಲಿ ಅಮೆರಿಕದ ರೈಲು ಕಂಪನಿಗಳು ದಿನವೂ ಓಡಾಡುವವರ ಬಿಡಿ ಟಿಕೆಟ್ ದರಗಳನ್ನು ಕೂಡಿಸಿ, ತಗ್ಗಿಸಿ, ಒಂದೇ ಮೊತ್ತಕ್ಕೆ ಬದಲಿಸಿ 'ಕಮ್ಯುಟೇಶನ್ ಟಿಕೆಟ್' ಮಾರತೊಡಗಿದವು. ಅದನ್ನು ಕೊಂಡವರು ಕಮ್ಯೂಟರ್ ಆದರು. ಬರಬರುತ್ತ ಟಿಕೆಟ್ಟಿನ ನೆನಪು ಅಳಿಸಿ, ಪ್ರಯಾಣಕ್ಕೇ ಆ ಹೆಸರು ನಿಂತಿತು. ಮನೆ ಕೊಳ್ಳಹೊರಟವರು ಆ ಹಳೆಯ ಅರ್ಥವನ್ನು ಮರೆಯಬಾರದು ಎಂಬುದು ನನ್ನ ಅನಿಸಿಕೆ. ಈ ಪಟ್ಟಿಯಲ್ಲಿ ಮನೆ ಕೊಳ್ಳುವುದೆಂದರೆ ಒಂದು ಬದಲಿ ವ್ಯವಹಾರವೇ: ಹಣ ಉಳಿಸಿಕೊಂಡು ಹೊತ್ತು ಕೊಡುತ್ತೇವೆ, ಇಲ್ಲವೇ ಹೊತ್ತು ಉಳಿಸಿಕೊಂಡು ಹಣ ಕೊಡುತ್ತೇವೆ.

ಪಟ್ಟಿ ಎಲ್ಲಿಗೆ ಮುಗಿಯುತ್ತದೆ? ಲೆಕ್ಕ ಇಡುವವರು ಗೆರೆ ಎಳೆದಿದ್ದಾರೆ. ಅಮೆರಿಕದ ಜನಗಣತಿಯ ವ್ಯವಸ್ಥೆಯಲ್ಲಿ ಹೊರಗಿನ ಕೌಂಟಿಯೊಂದರ (ನಮ್ಮ ಜಿಲ್ಲೆಯಂಥದ್ದು) ದುಡಿಯುವವರಲ್ಲಿ ಕನಿಷ್ಠ 25% ಮಂದಿ ನಗರದ ಕೇಂದ್ರ ಭಾಗಕ್ಕೆ ಕೆಲಸಕ್ಕೆ ಹೋದರೆ ಅದು ಆ ಮಹಾನಗರದ ಲೆಕ್ಕಕ್ಕೆ ಸೇರುತ್ತದೆ. ಯೂರೋಪಿನ ಒಕ್ಕೂಟ ಮತ್ತು ಮುಂದುವರಿದ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ ಬಳಸುವ ಅಳತೆಯಲ್ಲಿ ಈ ಮಿತಿ 15%. ಯೋಜನೆ ಮಾಡುವವರಿಗೆ ಇಷ್ಟು ಸಾಕು. ಆದರೆ ಒಂದೊಂದು ಮನೆಗೂ ಅದರದೇ ಆದ ಪಟ್ಟಿ ಇರುತ್ತದೆ, ಅದನ್ನು ಗಂಟೆಯಲ್ಲಿ ಎಳೆಯಬೇಕು, ಕಿಲೋಮೀಟರಿನಲ್ಲಿ ಎಳೆದರೆ ತಪ್ಪುತ್ತದೆ. ನಮ್ಮ ಮಾತಿನಲ್ಲಿ ಈ ತಿಳಿವಳಿಕೆ ಮೊದಲಿನಿಂದಲೂ ಇದೆ. ಊರು ಎಷ್ಟು ದೂರ ಎಂದರೆ 'ಅರ್ಧ ಗಂಟೆ ದಾರಿ', 'ಒಂದು ದಿನದ ದಾರಿ' ಎನ್ನುತ್ತೇವೆ.

1994ರಲ್ಲಿ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಇದನ್ನೇ ಒಂದು ನಿಯಮವಾಗಿ ಮುಂದಿಟ್ಟರು. ಸಾರಿಗೆ ತಜ್ಞ ಯಾಕೊವ್ ಜಹಾವಿ ಅದಕ್ಕೂ ಮೊದಲು ಮಾಡಿದ್ದ ಕೆಲಸ ಅವರಿಗೆ ಆಧಾರ. ಮನುಷ್ಯರು ಓಡಾಟಕ್ಕೆ ಕೊಡುವುದು ಸರಾಸರಿ ದಿನಕ್ಕೆ ಒಂದು ಗಂಟೆ, ಹೋಗಲು ಅರ್ಧ, ಬರಲು ಅರ್ಧ. ವಾಹನ ಚುರುಕಾದರೆ ಆ ಗಂಟೆ ಕುಗ್ಗುವುದಿಲ್ಲ, ನಗರ ಹಿಗ್ಗುತ್ತದೆ. ಗಂಟೆಗೆ 5 ಕಿ.ಮೀ. ನಡೆಯುವವರಿಗೆ ಅರ್ಧ ಗಂಟೆಯಲ್ಲಿ ಸಿಗುವುದು 2.5 ಕಿ.ಮೀ.; ಪ್ರಾಚೀನ ಕೋಟೆ ನಗರಗಳು ಆ ಅಳತೆಯನ್ನು ದಾಟಿ ಬೆಳೆಯಲಿಲ್ಲ ಎಂದರು ಮಾರ್ಕೆಟ್ಟಿ. ಗಂಟೆಗೆ 40 ಕಿ.ಮೀ. ಸಾಗುವ ರೈಲು ಬಂದರೆ ಅದೇ ಅರ್ಧ ಗಂಟೆ 20 ಕಿ.ಮೀ. ಆಗುತ್ತದೆ. ದೂರ 8 ಪಟ್ಟು, ಆದರೆ ಸುತ್ತಲೂ ಕೈಗೆಟುಕುವ ನೆಲ 8ರ 8 ಪಟ್ಟು, ಅಂದರೆ 64 ಪಟ್ಟು. ಹೋಗಿಬರುವ ಪಟ್ಟಿ ಇಷ್ಟು ಬೇಗ ಹರಡಿಕೊಂಡಿದ್ದು ಹೀಗೆ.

ಬೆಲ್ಟ್ ಎಂದಾಗ ದುಂಡಗಿನ ಬಳೆ ಕಣ್ಣಿಗೆ ಬರುತ್ತದೆ. ನಿಜದಲ್ಲಿ ಅದು ಚಾಚಿದ ಬೆರಳುಗಳಂತೆ ಇರುತ್ತದೆ. ರೈಲು ಹಳಿ, ಹೆದ್ದಾರಿಗಳ ಗುಂಟ ಉದ್ದಕ್ಕೆ ಚಾಚಿ, ಎರಡು ಹಳಿಗಳ ನಡುವೆ ಒಳಕ್ಕೆ ಬಾಗುತ್ತದೆ. ನಿಲ್ದಾಣದ ಪಕ್ಕದ 30 ಕಿ.ಮೀ. ದೂರದ ಊರು, ನಿಲ್ದಾಣವಿಲ್ಲದ 15 ಕಿ.ಮೀ. ದೂರದ ಬಡಾವಣೆಗಿಂತ ಹತ್ತಿರವಾಗಿರಬಹುದು. ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಗೆ ಇದು ಚೆನ್ನಾಗಿ ಗೊತ್ತಿತ್ತು. 1915ರಲ್ಲಿ ಅದು ತನ್ನ ಹಳಿಯ ಆಚೀಚಿನ ನೆಲಕ್ಕೆ 'ಮೆಟ್ರೊಲ್ಯಾಂಡ್' ಎಂಬ ಹೆಸರು ಕಟ್ಟಿ ಪ್ರಚಾರ ಮಾಡಿತು. ಅಲ್ಲಿ ಮನೆ ಬೆಳೆದಷ್ಟೂ ರೈಲಿಗೆ ಪ್ರಯಾಣಿಕರು.

ಇನ್ನು ನಿಮ್ಮ ಗೆರೆ. ರೈಲು ಎಷ್ಟು ನಿಮಿಷ ಓಡುತ್ತದೆ ಎಂಬುದು ಜಾಹೀರಾತಿನ ಲೆಕ್ಕ. ನಿಮಗೆ ಬೇಕಾದದ್ದು ಮನೆಯ ಹೊಸ್ತಿಲಿನಿಂದ ಕೆಲಸದ ಮೇಜಿನ ತನಕದ ಲೆಕ್ಕ: ನಿಲ್ದಾಣಕ್ಕೆ ನಡೆಯುವುದು, ಕಾಯುವುದು, ಪ್ರಯಾಣ, ಬದಲಿ ಗಾಡಿ, ಮತ್ತೆ ನಡಿಗೆ. ಇದರಲ್ಲಿ ಜನ ಹೆಚ್ಚಾಗಿ ಕಡೆಗಣಿಸುವುದು ಕಾಯುವಿಕೆಯನ್ನು. ಅರ್ಧ ಗಂಟೆಗೊಂದು ಗಾಡಿ ಇರುವ ಕಡೆ, ವೇಳಾಪಟ್ಟಿ ನೋಡದೆ ಹೊರಟರೆ ಸರಾಸರಿ 15 ನಿಮಿಷ ಕಾಯಬೇಕು. ಕಣ್ಣೆದುರು ಒಂದು ತಪ್ಪಿದರೆ ಪೂರ್ತಿ 30. ಹತ್ತು ನಿಮಿಷಕ್ಕೊಂದು ಇದ್ದರೆ ಸರಾಸರಿ 5. ಹಾಗಾಗಿ ವೇಗದ ಗಾಡಿ ಅಪರೂಪಕ್ಕೆ ಬರುವ ಊರಿಗಿಂತ ನಿಧಾನದ ಗಾಡಿ ಮೇಲಿಂದ ಮೇಲೆ ಬರುವ ಊರನ್ನು ನಾನು ಮೇಲೆಂದು ಎಣಿಸುತ್ತೇನೆ. ಬದಲಿ ಗಾಡಿ ಹಿಡಿಯಬೇಕಾದರಂತೂ ಈ ಕಾಯುವಿಕೆ ಎರಡು ಸಲ. ರಾತ್ರಿಯ ಕೊನೆಯ ಗಾಡಿ ಎಷ್ಟಕ್ಕೆ ಎಂಬುದನ್ನೂ ಕೇಳಿಕೊಳ್ಳಿ. ಗಾಡಿ ಹೊರಡುವ ಮೊದಲ ನಿಲ್ದಾಣ ಸ್ವಲ್ಪ ದೂರವಾದರೂ ಅಲ್ಲಿ ಕೂರಲು ಜಾಗ ಸಿಗುತ್ತದೆ. ನಿಂತು ಕಳೆದ 40 ನಿಮಿಷಕ್ಕೂ ಕೂತು ಕಳೆದ 50 ನಿಮಿಷಕ್ಕೂ ಇರುವ ವ್ಯತ್ಯಾಸವನ್ನು ಸೊಂಟವೇ ಹೇಳುತ್ತದೆ.

ಸರಾಸರಿಯನ್ನು ಮಾತ್ರ ನಂಬಬೇಡಿ. ದಿನವೂ 60 ನಿಮಿಷ ಹಿಡಿಯುವ ದಾರಿಯನ್ನು ಬದುಕಿಗೆ ಹೊಂದಿಸಿಕೊಳ್ಳಬಹುದು. ಒಂದು ದಿನ 40, ಮರುದಿನ 90 ಆಗುವ ದಾರಿಗೆ 90 ಎಂದೇ ಹೊರಡಬೇಕಾಗುತ್ತದೆ. ಕೆಲಸದ ದಿನ, ಕೆಲಸದ ಹೊತ್ತಿನಲ್ಲೇ, ಸಾಧ್ಯವಾದರೆ ಮಳೆ ಬರುವಾಗ ಒಮ್ಮೆ ಹೋಗಿಬಂದು ನೋಡಬೇಕು. ರಜೆಯ ದಿನ ಮನೆ ನೋಡಲು ಹೋದಾಗ ಕಂಡ ರಸ್ತೆ ಬೇರೆಯೇ ರಸ್ತೆ.

ಬೆಲೆಯ ಮಾತಿಗೆ ಬರೋಣ. ಕೇಂದ್ರದಿಂದ ದೂರ ಹೋದಂತೆ ನೆಲದ ಬೆಲೆ ಇಳಿಯುತ್ತದೆ ಎಂಬ ತರ್ಕವನ್ನು 1826ರಲ್ಲಿ ಜರ್ಮನಿಯ ಯೋಹಾನ್ ಹೈನ್ರಿಕ್ ಫಾನ್ ಟ್ಯೂನೆನ್ ಬೇಸಾಯದ ಭೂಮಿಗೆ ಹಚ್ಚಿದರು. 1964ರಲ್ಲಿ ವಿಲಿಯಂ ಅಲೊನ್ಸೊ ಅದನ್ನು ನಗರಕ್ಕೆ ಹೊಂದಿಸಿದರು. ದೂರದ ಮನೆ ಅಗ್ಗವಾಗಿರುವುದು ಓಡಾಟದ ಖರ್ಚನ್ನು ತುಂಬಿಕೊಡಲಿಕ್ಕೆ ಎಂಬುದು ಅದರ ಹುರುಳು. ಆದರೆ ಕೊಳ್ಳುವವರು ಆ ಖರ್ಚನ್ನು ಸರಿಯಾಗಿ ಎಣಿಸುತ್ತಾರೆಯೇ? 2008ರಲ್ಲಿ ಅರ್ಥಶಾಸ್ತ್ರಜ್ಞರಾದ ಅಲೊಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಜರ್ಮನಿಯ ಕುಟುಂಬಗಳ ಸಮೀಕ್ಷೆಯನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಹೊತ್ತು ಪ್ರಯಾಣಿಸುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಹೆಚ್ಚಿನ ಸಂಬಳವಾಗಲಿ ಒಳ್ಳೆಯ ಮನೆಯಾಗಲಿ ಆ ನಷ್ಟವನ್ನು ತುಂಬಿರಲಿಲ್ಲ.

ನೀವೇ ಲೆಕ್ಕ ಹಾಕಿ ನೋಡಿ. 45 ನಿಮಿಷದ ಮನೆ ಬಿಟ್ಟು 75 ನಿಮಿಷದ ಮನೆ ಆರಿಸಿದರೆ ದಿನಕ್ಕೆ ಒಂದು ಗಂಟೆ ಹೆಚ್ಚು. ವರ್ಷಕ್ಕೆ 220 ಕೆಲಸದ ದಿನವೆಂದರೆ 220 ಗಂಟೆ. ಸಾಲದ ಅವಧಿ 20 ವರ್ಷವಾದರೆ 4,400 ಗಂಟೆ. ಹಗಲುರಾತ್ರಿ ಸೇರಿಸಿ 183 ದಿನ, ಅಂದರೆ ಅರ್ಧ ವರ್ಷ. ಆ ಅರ್ಧ ವರ್ಷಕ್ಕೆ ಬದಲಾಗಿ ಇನ್ನೊಂದು ಕೋಣೆಯೋ ಅಂಗಳವೋ ಬೇಕೆನ್ನಿಸಿದರೆ ಅದು ಒಪ್ಪತಕ್ಕ ಆಯ್ಕೆಯೇ. ತಿಳಿದು ಮಾಡಿದ ಬದಲಿ ಅದು. ವಾರಕ್ಕೆ ಎರಡೇ ದಿನ ಕಚೇರಿಗೆ ಹೋಗುವವರ ಪಟ್ಟಿ ಸಹಜವಾಗಿಯೇ ಅಗಲ. ಆ ಸೌಲಭ್ಯ ಸಾಲ ತೀರುವವರೆಗೂ ಇರುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ಬರಲಿರುವ ರೈಲು ಮಾರ್ಗವನ್ನು ನೆಚ್ಚಿ ಮನೆ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಮಾರ್ಗದ ಘೋಷಣೆಯಾದ ದಿನವೇ ಬೆಲೆ ಏರಲು ತೊಡಗುತ್ತದೆ, ಗಾಡಿ ಮಾತ್ರ ತನ್ನ ಕಾಲಕ್ಕೆ ಬರುತ್ತದೆ. ರಸ್ತೆ ಅಗಲವಾಗುತ್ತದೆ ಎಂಬ ಆಸೆ ಇನ್ನೂ ದುರ್ಬಲ. ಅಗಲವಾದ ಹೆದ್ದಾರಿಗೆ ಹೊಸ ವಾಹನಗಳು ಹರಿದುಬಂದು ದಟ್ಟಣೆ ಮೊದಲಿನಷ್ಟೇ ಆಗುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ವಿವರಿಸಿದ್ದರು. ಇಂದು ಓಡುತ್ತಿರುವುದನ್ನು ನೋಡಿ ಕೊಳ್ಳಿ.

ಕೆಲಸ ಬದಲಾಗುತ್ತದೆ, ಮನೆ ಅಷ್ಟು ಸುಲಭಕ್ಕೆ ಬದಲಾಗದು. ಗಂಡ ಹೆಂಡತಿ ಇಬ್ಬರೂ ನಗರದ ಎರಡು ದಿಕ್ಕಿಗೆ ದುಡಿಯಲು ಹೋಗುವವರಾದರೆ, ಇಬ್ಬರ ಗೆರೆಗಳೂ ಒಂದನ್ನೊಂದು ದಾಟುವ ಜಾಗ ಚಿಕ್ಕದು. ಒಬ್ಬರಿಗೆ ತೀರ ಹತ್ತಿರ, ಇನ್ನೊಬ್ಬರಿಗೆ ತೀರ ದೂರ ಎಂಬ ಹಂಚಿಕೆ ವರ್ಷಗಟ್ಟಲೆ ಬಾಳುವುದು ಕಷ್ಟ. ಎರಡು ಮಾರ್ಗ ಕೂಡುವ ನಿಲ್ದಾಣದ ಬಳಿಯ ಮನೆಗೆ ಸ್ವಲ್ಪ ಹೆಚ್ಚು ಕೊಡಬೇಕಾಗಿ ಬಂದರೂ, ನಾಳೆ ಕೆಲಸ ಯಾವ ದಿಕ್ಕಿಗೆ ಹೋದರೂ ದಾರಿ ಉಳಿದಿರುತ್ತದೆ.

ಜಪಾನಿನಲ್ಲಿ ಇಂಥ ಊರುಗಳಿಗೆ 'ಬೆಡ್ ಟೌನ್' ಎನ್ನುತ್ತಾರೆ, ಮಲಗುವ ಊರು. ಹಗಲು ಅಲ್ಲಿ ಯಾರು ಉಳಿಯುತ್ತಾರೆ ಎಂಬುದು ಆ ಹೆಸರಿನಲ್ಲಿ ಕಾಣುವುದಿಲ್ಲ. ಶಾಲೆಯ ಮಕ್ಕಳು, ವಯಸ್ಸಾದ ತಂದೆ ತಾಯಿ, ಮನೆಯಲ್ಲೇ ಇರುವವರು ಅಲ್ಲಿ ಇಡೀ ದಿನ ಬದುಕಬೇಕು. ಮನೆ ಗೊತ್ತುಮಾಡುವ ಮುನ್ನ ಕೆಲಸದ ದಿನವೊಂದರ ನಡುಮಧ್ಯಾಹ್ನ ಅವರನ್ನೇ ಕರೆದುಕೊಂಡು ಹೋಗಿ. ವೈದ್ಯರು ಆ ಹೊತ್ತಿಗೆ ಸಿಗುತ್ತಾರೆಯೇ, ಔಷಧಿ ಅಂಗಡಿಗೆ ನೆರಳಲ್ಲಿ ನಡೆದು ಹೋಗಬಹುದೇ, ರಸ್ತೆಯಲ್ಲಿ ಮಾತಾಡಿಸಲು ಒಬ್ಬರಾದರೂ ಎದುರಾಗುತ್ತಾರೆಯೇ ಎಂದು ಅವರೇ ನೋಡಿ ಹೇಳಲಿ.