ಲಿಥಿಯಂ-11: ಅಂಚೇ ಇಲ್ಲದ ನ್ಯೂಕ್ಲಿಯಸ್

ಕೆಂಪು, ನೀಲಿ ಗೋಲಿಗಳನ್ನು ಒತ್ತಿ ಕಟ್ಟಿದ ಉಂಡೆಯೇ ನ್ಯೂಕ್ಲಿಯಸ್ ಎಂಬ ಚಿತ್ರವನ್ನು ಪಠ್ಯಪುಸ್ತಕಗಳು ಇನ್ನೂ ಬಿಟ್ಟಿಲ್ಲ. ಆ ಲೆಕ್ಕ ಲಿಥಿಯಂ-11ರ ಮುಂದೆ ನಡೆಯುವುದಿಲ್ಲ. ಅದರಲ್ಲಿ ಮೂರು ಪ್ರೋಟಾನ್, ಎಂಟು ನ್ಯೂಟ್ರಾನ್. ಅರ್ಧಾಯುಷ್ಯ 9 ಮಿಲಿಸೆಕೆಂಡಿಗೂ ಕಡಿಮೆ. ಫಲಕ ಮಾಡಿ ಎದುರಿಗಿಟ್ಟು ಹೊಡೆಯುವಷ್ಟು ಪುರುಸೊತ್ತು ಅದು ಕೊಡುವುದಿಲ್ಲ. ಹಾಗಾಗಿ ಅದನ್ನೇ ಬಾಣ ಮಾಡಬೇಕು.

ಜಪಾನಿನ ಭೌತವಿಜ್ಞಾನಿ ಇಸಾವೊ ತಾನಿಹಾತಾ ಅವರ ತಂಡ 1985ರಲ್ಲಿ ಬರ್ಕ್ಲಿಯ ಬೆವಲ್ಯಾಕ್ ವೇಗವರ್ಧಕದಲ್ಲಿ ಮಾಡಿದ್ದು ಇದನ್ನೇ. ಭಾರವಾದ ನ್ಯೂಕ್ಲಿಯಸ್‌ಗಳನ್ನು ಬೆರಿಲಿಯಂಗೆ ಬಡಿದು, ಸಿಡಿದ ಚೂರುಗಳಲ್ಲಿ ಲಿಥಿಯಂ-11 ಅನ್ನು ಕಾಂತಗಳಿಂದ ಹೆಕ್ಕಿ, ಕಾರ್ಬನ್ ಫಲಕದ ಮೇಲೆ ಬಿಟ್ಟರು. ಆಮೇಲಿನದು ಬರೀ ಎಣಿಕೆ: ಎಷ್ಟು ಒಳಹೋದವು, ಎಷ್ಟು ಮುರಿಯದೆ ಹೊರಬಂದವು. ಡಿಟೆಕ್ಟರ್‌ಗಳಲ್ಲೂ ಒಂದಷ್ಟು ಕಳೆದುಹೋಗುವುದರಿಂದ ಫಲಕವಿಲ್ಲದೆಯೂ ಎಣಿಸಬೇಕು. ಇದನ್ನು ಬಿಟ್ಟರೆ ನ್ಯೂಕ್ಲಿಯಸ್ ಸುಳ್ಳೇ ಊದಿಕೊಳ್ಳುತ್ತದೆ. ಎರಡು ಅನುಪಾತಗಳ ಭಾಗಲಬ್ಧದ ಲಾಗರಿದಮ್ ಅನ್ನು ಫಲಕದ ಪ್ರತಿ ಏಕಮಾನ ವಿಸ್ತೀರ್ಣದಲ್ಲಿರುವ ಪರಮಾಣುಗಳ ಸಂಖ್ಯೆಯಿಂದ ಭಾಗಿಸಿದರೆ ಅಡ್ಡಛೇದ, ಅಂದರೆ ಡಿಕ್ಕಿಗೆ ಸಿಗುವ ಗುರಿಯ ವಿಸ್ತೀರ್ಣ, ಸಿಗುತ್ತದೆ. ಲಿಥಿಯಂ-8ಕ್ಕೆ 768 ಮಿಲಿಬಾರ್ನ್ (ನ್ಯೂಕ್ಲಿಯಸ್‌ಗಳ ವಿಸ್ತೀರ್ಣದ ಅಳತೆ), ಲಿಥಿಯಂ-9ಕ್ಕೆ 796, ಲಿಥಿಯಂ-11ಕ್ಕೆ ಮಾತ್ರ 1040!

ಇಡೀ ನ್ಯೂಕ್ಲಿಯಸ್ಸೇ ಊದಿತೋ, ಅಥವಾ ಕೊನೆಯ ಎರಡು ನ್ಯೂಟ್ರಾನ್‌ಗಳಷ್ಟೇ ದೂರ ಹರಡಿವೆಯೋ? ಎರಡನೆಯದೇ ಎಂದು 1987ರಲ್ಲಿ ಭೌತವಿಜ್ಞಾನಿಗಳಾದ ಹ್ಯಾನ್ಸನ್ ಮತ್ತು ಜಾನ್ಸನ್ ವಾದಿಸಿದರು. ಕಾರಣ ಸರಳ. ಸಾಮಾನ್ಯ ನ್ಯೂಟ್ರಾನನ್ನು ಕೀಳಲು 6–8 ಮೆವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಬೇಕು. ಇಲ್ಲಿ ಎರಡನ್ನೂ ಕೀಳಲು ಬರೀ 0.37 ಮೆವಿ ಸಾಕು. ಕಣ ಎಲ್ಲೆಲ್ಲಿ ಸಿಗಬಹುದು ಎಂದು ಹೇಳುವುದು ಅದರ ತರಂಗಫಲನ. ಬಂಧನಶಕ್ತಿ ತಗ್ಗಿದಷ್ಟೂ ತರಂಗಫಲನದ ಬಾಲ ನಿಧಾನವಾಗಿ ಕರಗುತ್ತದೆ. ಒಂದೇ ಸಡಿಲ ನ್ಯೂಟ್ರಾನ್ ಇರುವ ಬೆರಿಲಿಯಂ-11ರಲ್ಲಿ ಈ ಲೆಕ್ಕ ಸುಲಭ: 8 ಮೆವಿ ಬಂಧನವಿದ್ದಿದ್ದರೆ ಬಾಲ ಕರಗುವ ದೂರ 1.7 ಫೆಮ್ಟೊಮೀಟರ್ (ಮೀಟರಿನ ಸಾವಿರ ಲಕ್ಷಕೋಟಿಯಲ್ಲೊಂದು ಪಾಲು), ಅಲ್ಲಿ ನಿಜಕ್ಕೂ ಇರುವ 0.5 ಮೆವಿಗೆ ಅದು 6.7. ಬಲದ ವ್ಯಾಪ್ತಿಯಾಚೆ, ಹಳೆಯ ಭೌತಶಾಸ್ತ್ರದ ಪ್ರಕಾರ ಕಾಲಿಡಲೇಬಾರದ ಜಾಗದಲ್ಲಿ, ಆ ನ್ಯೂಟ್ರಾನ್ ಬಹುಪಾಲು ಸಮಯ ಕಳೆಯುತ್ತದೆ. ತಿರುಳಿನ ಸುತ್ತ ಹೀಗೆ ಹರಡಿದ ನ್ಯೂಟ್ರಾನ್ ಮೋಡವೇ ಪ್ರಭಾವಳಿ (ಹೇಲೋ). ಅದಕ್ಕೆ ಕೋನೀಯ ಸಂವೇಗವೂ ಕಡಿಮೆ ಇರಬೇಕು. ಹೆಚ್ಚಾದರೆ ಸುತ್ತುವಿಕೆಯಿಂದ ಹುಟ್ಟುವ ಕೇಂದ್ರಾಪಗಾಮಿ ತಡೆ ಬಾಲವನ್ನು ಕತ್ತರಿಸುತ್ತದೆ.

ಜಾಗ ಹಿಗ್ಗಿದರೆ ಸಂವೇಗದ ಹರವು ಕುಗ್ಗಬೇಕು, ಅನಿಶ್ಚಿತತೆಯ ನಿಯಮ. 1988ರಲ್ಲಿ ಲಿಥಿಯಂ-11 ಮುರಿದು ಬಂದ ಲಿಥಿಯಂ-9ರ ಅಡ್ಡ ಸಂವೇಗ ಅಳೆದಾಗ, 95 ಮೆವಿ/ಸಿ (ಸಂವೇಗದ ಅಳತೆ) ಅಗಲದ ಗುಡ್ಡದ ಮೇಲೆ 23 ಮೆವಿ/ಸಿ ಅಗಲದ ಚೂಪು ಶಿಖರ ನಿಂತಿತ್ತು. ಆ ಶಿಖರವೇ ಪ್ರಭಾವಳಿಯ ಗುರುತು. 2006ರ ಲೇಸರ್ ಅಳತೆಯಲ್ಲಿ ಪ್ರೋಟಾನ್‌ಗಳ ವಿದ್ಯುದಾವೇಶ ಹರಡಿರುವ ತ್ರಿಜ್ಯ ಲಿಥಿಯಂ-9ರ 2.22ರಿಂದ 2.47 ಫೆಮ್ಟೊಮೀಟರ್‌ಗೆ ಏರಿತ್ತು, ಅಷ್ಟೇ. ಅದರಲ್ಲೂ ಬಹುಪಾಲು, ಲಿಥಿಯಂ-9 ತಿರುಳು ಇಡೀ ನ್ಯೂಕ್ಲಿಯಸ್ಸಿನ ದ್ರವ್ಯಕೇಂದ್ರದ ಸುತ್ತ ಓಲಾಡುವುದರ ಫಲ.

ಆ ಎರಡು ನ್ಯೂಟ್ರಾನ್‌ಗಳು ಜೋಡಿಯಾಗಿ ಇವೆಯೇ ಎಂದು ನೋಡಲು ಎರಡನ್ನೂ ಒಟ್ಟಿಗೆ ಹಿಡಿಯಬೇಕು. ತಾಪತ್ರಯ ಶುರುವಾಗುವುದು ಇಲ್ಲಿ. ಒಂದೇ ನ್ಯೂಟ್ರಾನ್ ಒಂದು ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಬಡಿದಾಗ ಬೆಳಕು ಮಿಂಚಿಸುವ ವಸ್ತು) ಪಟ್ಟಿಯಲ್ಲಿ ಪ್ರೋಟಾನಿಗೆ ಬಡಿದು, ಪುಟಿದು, ಪಕ್ಕದ ಪಟ್ಟಿಯಲ್ಲೂ ಮಿಂಚುತ್ತದೆ. ಈ ನಕಲಿ ಜೋಡಿ, ಹುಡುಕುತ್ತಿರುವ ಅಸಲಿ ಜೋಡಿಯ ಹಾಗೆಯೇ ಹತ್ತಿರ ಹತ್ತಿರ ಕಾಣುತ್ತದೆ. ಎರಡು ಮಿಂಚುಗಳ ನಡುವಿನ ದೂರವನ್ನು ಸಮಯದಿಂದ ಭಾಗಿಸಿ, ಪುಟಿದ ನ್ಯೂಟ್ರಾನಿಗೆ ಸಾಧ್ಯವಾದ ವೇಗ ಬಂದರೆ ಆ ಘಟನೆಯನ್ನು ತೆಗೆದುಹಾಕುತ್ತಾರೆ. ಜೊತೆಗೆ ಒಂದಷ್ಟು ಅಸಲಿಗಳೂ ಹೋಗುತ್ತವೆ. ಕಿರುಕೋನದಲ್ಲಿ ಹಾಗೆ ಕಳೆದುಕೊಂಡದ್ದನ್ನು ಸಿಮ್ಯುಲೇಶನ್‌ನಿಂದ ಅಂದಾಜು ಮಾಡಿ ತುಂಬಿಕೊಳ್ಳಬೇಕು.